ಶ್ರೀರಂಗಪಟ್ಟಣದ ಕೋವಿಗಳೂ ಅವುಗಳ ಬೆಲೆಯೂ

ಚಿನ್ನವನ್ನು ಕರಗಿಸಿದರೂ ಅದು ಚಿನ್ನವಾಗಿಯೇ ಉಳಿಯುತ್ತದೆ. ಹೊಲವನ್ನು ಉಳದೆ ಬಿಟ್ಟರೂ ಮಣ್ಣು ಎಲ್ಲಿಗೂ ಹೋಗುವುದಿಲ್ಲ. ಕೋವಿಯ ಮಾತು ಬೇರೆ. ಹೊಸ ಮಾದರಿ ಬಂದೊಡನೆ ಹಳೆಯದು ಯುದ್ಧಕ್ಕೂ ಬೇಡ, ಬೇಟೆಗೂ ಬೇಡವಾಗಿ, ಕಡೆಗೆ ತುಕ್ಕು ಹಿಡಿದು ಹಳೆಯ ಕಬ್ಬಿಣದ ಲೆಕ್ಕಕ್ಕೆ ಸೇರುವುದು. ಆದರೂ ಕೆಲವು ಹಳೆಯ ಕೋವಿಗಳಿಗೆ ಈ ಕಾಲದ ಹರಾಜುಗಳಲ್ಲಿ ಲಕ್ಷಗಟ್ಟಲೆ ಪೌಂಡುಗಳ ಬೆಲೆ ಬಂದಿದೆ. ಇದನ್ನು ಕಂಡವರಲ್ಲಿ, ಪುರಾತನ ಆಯುಧಗಳಲ್ಲಿ ತೊಡಗಿಸಿದ ಹಣವು ತಾನಾಗಿಯೇ ಬೆಳೆಯುವುದೆಂಬ ನಂಬಿಕೆ ಹುಟ್ಟುವುದು ಸಹಜ. ಈ ನಂಬಿಕೆಯು ಎಷ್ಟರಮಟ್ಟಿಗೆ ದಿಟವೆಂಬುದನ್ನು ಪರೀಕ್ಷಿಸಲು ದೂರದೇಶದ ನಿದರ್ಶನಗಳು ಬೇಕಿಲ್ಲ. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಕೋವಿಗಳ ಕಥೆಯೇ ಸಾಕು.

ಆಯುಧಗಳಿಗಾಗಿ ಪರರ ಕೈ ಕಾಯುವುದು ಟಿಪ್ಪುವಿಗೆ ಒಪ್ಪಿಗೆಯಾಗಿರಲಿಲ್ಲ. ಫ್ರಾನ್ಸಿನ ಅರಸನ ಬಳಿಗೆ ೧೭೮೭ರಲ್ಲಿ ಆತನು ಕಳುಹಿಸಿದ ರಾಯಭಾರಿಗಳ ಕಾರ್ಯಗಳಲ್ಲಿ ಕುಶಲ ಕೆಲಸಗಾರರನ್ನು ಕರೆತರುವುದೂ ಒಂದಾಗಿದ್ದಿತು. ರಾಜಧಾನಿಯಾದ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಅರಸನ ಸ್ವಂತ ಬಳಕೆಗಾಗಿ ಮಾಡಿದ ಚಕಮಕಿ ಕೋವಿಗಳು ಕುಸುರಿ ಕೆಲಸದಲ್ಲಿ ಯೂರೋಪಿನವುಗಳಿಗೆ ಸರಿಸಮವಾಗಿದ್ದುವು. ಬೆಳ್ಳಿಯ ಕೆತ್ತನೆ, ಹುಲಿಯ ಮುಖ, ಹುಲಿಯ ಮೈಪಟ್ಟೆಗಳ ಚಿತ್ತಾರ, ತಯಾರಿಸಿದವನ ಹೆಸರು, ಪ್ರವಾದಿಯ ಜನ್ಮದಿಂದ ಎಣಿಸುವ ಮೌಲೂದಿ ಶಕದ ವರ್ಷ, ಇವುಗಳಿಂದ ಆ ಕೋವಿಗಳನ್ನು ಗುರುತಿಸಬಹುದು. ಅಂದು ಅಲಂಕಾರಕ್ಕೂ ಅಧಿಕಾರಕ್ಕೂ ಕುರುಹಾಗಿದ್ದ ಈ ಗುರುತುಗಳೇ ಮುಂದೆ ಬೆಲೆಗೆ ಆಧಾರವಾದುವು.

೧೭೯೯ರ ಮೇ ೪ರಂದು ಕೋಟೆಯು ಬಿದ್ದಿತು, ಸುಲ್ತಾನನೂ ಹತನಾದನು. ಗೆದ್ದವರು ಉಗ್ರಾಣಗಳನ್ನು ಎಣಿಸಿದಾಗ ೯೨೯ ಫಿರಂಗಿಗಳೂ ಸುಮಾರು ೯೯,೦೦೦ ಕೋವಿಗಳೂ ದೊರೆತುವು. ಸಿಪಾಯಿಗಳ ಈ ಸಾಧಾರಣ ಕೋವಿಗಳ ಬಹುಭಾಗಕ್ಕೆ ಇಂದು ಹೆಸರೂ ಇಲ್ಲ, ಗುರುತೂ ಇಲ್ಲ. ಅರಮನೆಯ ಆಯುಧಶಾಲೆಯ ಕೆಲವು ಮಾತ್ರ ಕೊಳ್ಳೆಯಾಗಿಯೋ ಕಾಣಿಕೆಯಾಗಿಯೋ ಸಮುದ್ರವನ್ನು ದಾಟಿ, ಆಂಗ್ಲ ದೊರೆಗಳ ಮನೆಗಳನ್ನೂ ರಾಜಸಂಗ್ರಹವನ್ನೂ ಸೇರಿ ಉಳಿದುಕೊಂಡುವು. ಹಳೆಯದಾದುದರಿಂದಲೇ ಆಯುಧಕ್ಕೆ ಬೆಲೆಯೆಂಬುದು ಸರಿಯಾಗಿದ್ದರೆ ಆ ೯೯,೦೦೦ ಕೋವಿಗಳಿಗೂ ಅದೇ ಭಾಗ್ಯವಿರಬೇಕಾಗಿದ್ದಿತು.

ಇಂಗ್ಲೆಂಡಿನ ರಾಬಿನ್ ವಿಗಿಂಗ್‌ಟನ್ ಎಂಬ ಆಯುಧ ತಜ್ಞರು ಇಂತಹ ಕೋವಿಗಳನ್ನು ಕೂಡಿಸಿ, ೧೯೯೨ರಲ್ಲಿ ಟಿಪ್ಪುವಿನ ಕೋವಿಗಳ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದರು. ಅವರ ಸಂಗ್ರಹವು ೨೦೧೫ರ ಏಪ್ರಿಲಿನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆಯಲ್ಲಿ ಹರಾಜಾಯಿತು. ೩೦ ವಸ್ತುಗಳಿಗೆ ೬೦ ಲಕ್ಷ ಪೌಂಡುಗಳಿಗೂ ಮೀರಿದ ಹಣ ಬಂದಿತು. ಕಂಚಿನ ಒಂದು ಫಿರಂಗಿಗೆ ೧೪,೨೬,೫೦೦ ಪೌಂಡುಗಳು. ಒಂದೇ ನಳಿಗೆಯಲ್ಲಿ ಎರಡು ಗುಂಡುಗಳನ್ನು ಒಂದರ ಮೇಲೊಂದು ತುಂಬಿ ಹಾರಿಸಬಲ್ಲ ಬೆಳ್ಳಿಗೆಲಸದ ಬೇಟೆಯ ಕೋವಿಗೆ ೭,೨೨,೫೦೦ ಪೌಂಡುಗಳು.

ಈ ಅಂಕಿಗಳು ಕಣ್ಣು ಕುಕ್ಕುವಂತಹವು. ಆದರೆ ಲೆಕ್ಕವನ್ನು ಬಿಡಿಸಿ ನೋಡಬೇಕು. ಕೋವಿಯ ಕೂಗು ನಿಂತುದು ೬,೦೦,೦೦೦ ಪೌಂಡುಗಳಿಗೆ. ಮಿಕ್ಕ ೧,೨೨,೫೦೦ ಪೌಂಡುಗಳು ಹರಾಜಿನ ಸಂಸ್ಥೆಯು ಕೊಂಡವನಿಂದ ಪಡೆಯುವ ಶುಲ್ಕ. ಆದುದರಿಂದ ಕೊಂಡವನು ಮರುದಿನವೇ ಅದನ್ನು ಮಾರಿದರೂ, ಕೂಗಿನ ಬೆಲೆಯು ಶೇಕಡಾ ೨೦ಕ್ಕೂ ಮಿಗಿಲಾಗಿ ಏರಿದ ಹೊರತು ಆತನ ಅಸಲು ಕೈಸೇರುವುದಿಲ್ಲ. ಮಾರುವವನಿಂದ ಕಳೆಯುವ ದಳ್ಳಾಳಿಯು ಬೇರೆ. ಹೊಲವು ಫಸಲನ್ನೂ ಮನೆಯು ಬಾಡಿಗೆಯನ್ನೂ ಕೊಡುವುವು. ಗೋಡೆಯ ಮೇಲಿನ ಕೋವಿಯು ಕಾವಲನ್ನೂ ವಿಮೆಯ ವೆಚ್ಚವನ್ನೂ ಬೇಡುವುದಲ್ಲದೆ ಏನನ್ನೂ ಕೊಡುವುದಿಲ್ಲ.

ಬೆಲೆಯೂ ಏಕರೀತಿಯಾದುದಲ್ಲ. ೨೦೧೯ರ ಮಾರ್ಚ್ ತಿಂಗಳಿನಲ್ಲಿ, ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ದೊರೆತ ಟಿಪ್ಪುವಿನ ಆಯುಧಶಾಲೆಯ ಕೋವಿಯೊಂದು ಹರಾಜಿಗೆ ಬಂದಿತು. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಎಂಬವನು ೧೭೯೯ರಲ್ಲಿ ಅದನ್ನು ಕೊಂಡೊಯ್ದಿದ್ದನು. ಬೆಳ್ಳಿಯ ಕೆಲಸವಿದ್ದಿತು, ಸನೀನು ಇದ್ದಿತು, ಕೈಯಿಂದ ಕೈಗೆ ಬಂದ ಚರಿತ್ರೆಯೂ ಇದ್ದಿತು. ಆದರೆ ಯುದ್ಧದಲ್ಲಿ ಪೆಟ್ಟು ತಿಂದ ಗುರುತುಗಳಿದ್ದುವು. ಬಂದ ಬೆಲೆ ೬೦,೦೦೦ ಪೌಂಡುಗಳು, ಎಂದರೆ ನಾಲ್ಕು ವರ್ಷಗಳ ಹಿಂದಿನ ಕೋವಿಯ ಹನ್ನೆರಡನೆಯ ಒಂದು ಪಾಲು. ಮರಳಿ ೨೦೨೩ರಲ್ಲಿ, ೧೭೯೩-೯೪ರಲ್ಲಿ ಅಸದ್ ಖಾನ್ ಮಹಮ್ಮದನು ತಯಾರಿಸಿದ ಬೇಟೆಯ ಕೋವಿಯೊಂದಕ್ಕೆ ೨೦ ಲಕ್ಷ ಪೌಂಡುಗಳ ಬೆಲೆ ಕಟ್ಟಲಾಯಿತು. ಅದು ಲಾರ್ಡ್ ಕಾರ್ನ್‌ವಾಲಿಸನಿಗೆ ಕಾಣಿಕೆಯಾಗಿ ಸಂದಿತೆಂದು ನಂಬಲಾಗಿದೆ. ಬ್ರಿಟಿಷ್ ಸರಕಾರವು ಆ ಕೋವಿಯನ್ನು ತನ್ನ ದೇಶದ ಸಂಸ್ಥೆಯೊಂದು ಕೊಳ್ಳಲೆಂದು ಅದರ ರಫ್ತನ್ನು ಕೆಲಕಾಲ ತಡೆಯಿತು. ಒಂದೇ ದೊರೆಯ ಹೆಸರು, ಒಂದೇ ಕಾಲ; ಬೆಲೆಗಳಲ್ಲಿ ಮಾತ್ರ ಅಜಗಜಾಂತರ.

ಇದರಿಂದ ತಿಳಿಯುವುದೇನೆಂದರೆ, ಕೋವಿಯ ವಯಸ್ಸು ಬೆಲೆಯನ್ನು ಬೆಳೆಸುವುದಿಲ್ಲ. ಅಪೂರ್ವವಾದ ರಚನೆ, ಕೆಡದ ಸ್ಥಿತಿ, ಯಾರಿಂದ ಯಾರಿಗೆ ಬಂದಿತೆಂಬ ನಿಸ್ಸಂಶಯವಾದ ದಾಖಲೆ, ಈ ಮೂರೂ ಒಂದೆಡೆ ಕೂಡಬೇಕು. ಅದರ ಮೇಲೆ ಹರಾಜಿನ ದಿನ ಹಟ ಹಿಡಿದು ಕೂಗುವವರು ಇಬ್ಬರಾದರೂ ಇರಬೇಕು. ಮೊದಲಿನ ಮೂರನ್ನು ವಿದ್ವತ್ತಿನಿಂದ ಅರಿಯಬಹುದು, ಕಡೆಯದು ಅದೃಷ್ಟ. ಅದೃಷ್ಟವನ್ನು ನೆಚ್ಚಿ ಸಂಸಾರದ ಉಳಿತಾಯವನ್ನು ತೊಡಗಿಸುವುದು ವಿವೇಕವಲ್ಲ.

ಭಾರತದಲ್ಲಿ ಮತ್ತೊಂದು ಎಲ್ಲೆಯೂ ಉಂಟು. ೧೯೭೨ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ, ನೂರು ವರ್ಷ ದಾಟಿದ ಇಂತಹ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಲಂಡನ್ನಿನ ಬೆಲೆಯನ್ನು ಓದಿ ತನ್ನ ಮನೆಯ ಹಳೆಯ ಕೋವಿಗೆ ಅದೇ ಬೆಲೆಯನ್ನು ಎಣಿಸುವವನು ಇದನ್ನು ನೆನೆಯಬೇಕು. ಆತನು ಮಾಡಬಹುದಾದ ಉತ್ತಮ ಕಾರ್ಯವೆಂದರೆ ಅದನ್ನು ಉಜ್ಜಿ ಹೊಳಪಿಸದೆ, ಗುಜರಿಗೆ ಹಾಕದೆ, ಕಾಯಿದೆಗೆ ಒಳಪಟ್ಟು ಕಾಪಾಡಿ, ಹಿರಿಯರಿಗೆ ಅದು ಯಾವಾಗ ಯಾರಿಂದ ಬಂದಿತೆಂಬುದನ್ನು ಬರೆದಿಡುವುದು. ಚರಿತ್ರೆಯನ್ನು ಕಳೆದುಕೊಂಡ ಕೋವಿಯು ಬರಿಯ ಕೊಳವೆ.

ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಪಾಳುಬಾವಿಯೊಂದರಲ್ಲಿ ೨೦೧೮ರಲ್ಲಿ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಅಗ್ನಿಬಾಣಗಳು ದೊರೆತುವು. ಅವುಗಳಲ್ಲಿ ಬೆಳ್ಳಿಯಿಲ್ಲ, ಹುಲಿಯ ಮುಖವಿಲ್ಲ. ಯಾವ ಹರಾಜಿನಲ್ಲಿಯೂ ಅವುಗಳನ್ನು ಕೂಗಲಿಲ್ಲ. ಅವು ಸರಕಾರದ ವಶಕ್ಕೆ ಬಂದು ನಾಡಿನಲ್ಲಿಯೇ ಉಳಿದುವು. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿ ಹಾರಿಸುವ ವಿದ್ಯೆಯಲ್ಲಿ ಮೈಸೂರು ಜಗತ್ತಿಗೆ ಮುಂದಾಗಿದ್ದುದಕ್ಕೆ ಅವೇ ಸಾಕ್ಷಿ. ಅರಮನೆಯ ಕೋವಿಗಳ ಬೆಲೆಯಾದರೋ ಏರಿದಷ್ಟೂ ಅವು ಹುಟ್ಟಿದ ಊರಿನಿಂದ ದೂರವಾಗುತ್ತಲಿವೆ. ಕೊಂಡವನಿಗೆ ಲಾಭವೋ ನಷ್ಟವೋ ಮುಂದಿನ ಹರಾಜು ಹೇಳೀತು. ನಾಡಿಗೆ ಆದ ನಷ್ಟವನ್ನು ಯಾವ ಹರಾಜೂ ತುಂಬಿಕೊಡಲಾರದು.