ಅಣ್ವಸ್ತ್ರ ಪರೀಕ್ಷಾನಿಷೇಧದ ಸಂಧಾನ ಮತ್ತು ಸ್ಥಳತನಿಖೆಯ ಪ್ರಶ್ನೆ (1954–1963)

ನಡೆದ ಯುದ್ಧಗಳ ಚರಿತ್ರೆಯನ್ನು ಬರೆಯುವುದಕ್ಕೆ ಸಾಧನಸಾಮಗ್ರಿ ಹೇರಳವಾಗಿ ದೊರೆಯುತ್ತದೆ. ಅರ್ಧಕ್ಕೆ ನಿಂತ ಸಂಧಾನಗಳ ಚರಿತ್ರೆಯನ್ನು ಬರೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಅಷ್ಟಾಗಿ ಬೆಳೆದಿಲ್ಲ. 1963ರ ಆಗಸ್ಟ್ 5ರಂದು ಮಾಸ್ಕೋ ನಗರದಲ್ಲಿ ಸಹಿಯಾದ ಆಂಶಿಕ ಪರೀಕ್ಷಾನಿಷೇಧದ ಕೌಲು ಇಂಥ ಅರ್ಧಸಿದ್ಧಿಗೆ ಒಂದು ನಿದರ್ಶನ. ವಾಯುಮಂಡಲದಲ್ಲಿಯೂ ಅಂತರಿಕ್ಷದಲ್ಲಿಯೂ ನೀರಿನೊಳಗೂ ಅಣ್ವಸ್ತ್ರಗಳನ್ನು ಸಿಡಿಸಬಾರದೆಂದು ಅದು ವಿಧಿಸಿತು. ನೆಲದೊಳಗೆ ಸಿಡಿಸುವುದನ್ನು ಮಾತ್ರ ಬಿಟ್ಟಿತು. ಹೀಗೇಕಾಯಿತೆಂದು ವಿದ್ಯಾರ್ಥಿಗಳು ಕೇಳಿದರೆ ಪಠ್ಯಪುಸ್ತಕಗಳು ಕೊಡುವ ಉತ್ತರ ಒಂದೇ: ಭೂಗರ್ಭದ ಸ್ಫೋಟವನ್ನು ಭೂಕಂಪದಿಂದ ಬೇರ್ಪಡಿಸಿ ಗುರುತಿಸುವ ಶಕ್ತಿ ಅಂದಿನ ವಿಜ್ಞಾನಕ್ಕೆ ಇರಲಿಲ್ಲ, ಸ್ಥಳಕ್ಕೆ ಹೋಗಿ ನೋಡಲು ರಷ್ಯ ಒಪ್ಪಲಿಲ್ಲ. ಈ ಉತ್ತರವನ್ನು ಸುಳ್ಳೆನ್ನಲಾಗದು. ಆದರೆ ಒಂಬತ್ತು ವರ್ಷಗಳ ಸಂಧಾನದ ಕ್ರಮವನ್ನು ನೋಡಿದವರಿಗೆ ಅದು ತೃಪ್ತಿಯನ್ನು ಕೊಡಲಾರದು. ಆ ಕ್ರಮವನ್ನು ಸ್ಥೂಲವಾಗಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ತನಿಖೆಯ ಪ್ರಶ್ನೆ ಅಣುಯುಗದೊಡನೆಯೇ ಹುಟ್ಟಿದ್ದು. 1946ರ ಜೂನ್ 14ರಂದು ಅಮೆರಿಕದ ಪರವಾಗಿ ಬರೂಕ್ ಅವರು ವಿಶ್ವಸಂಸ್ಥೆಯ ಅಣುಶಕ್ತಿ ಆಯೋಗದ ಮುಂದೆ ಒಂದು ಯೋಜನೆಯನ್ನಿಟ್ಟರು: ಅಂತಾರಾಷ್ಟ್ರೀಯ ನಿಯಂತ್ರಣ ಮೊದಲು ನೆಲೆಗೊಳ್ಳಲಿ, ಆಮೇಲೆ ಅಮೆರಿಕ ತನ್ನ ಬಾಂಬುಗಳನ್ನು ಬಿಟ್ಟುಕೊಡುವುದು. ಐದು ದಿನಗಳ ತರುವಾಯ ಗ್ರೊಮಿಕೊ ಅವರು ಮುಂದಿಟ್ಟ ಸೋವಿಯತ್ ಯೋಜನೆಯಲ್ಲಿ ಈ ಕ್ರಮ ತಲೆಕೆಳಗಾಗಿತ್ತು: ಬಾಂಬುಗಳ ನಿಷೇಧವೂ ನಾಶವೂ ಮೊದಲು, ನಿಯಂತ್ರಣ ಆಮೇಲೆ. ಯಾವುದು ಮುಂಚೆ, ಯಾವುದು ಹಿಂದೆ ಎಂಬ ಈ ವ್ಯಾಜ್ಯದಲ್ಲಿಯೇ ಎಂಟು ವರ್ಷಗಳು ಸಂದುಹೋದವು. ಆ ಅವಧಿಯಲ್ಲಿ ರಷ್ಯವೂ (1949) ಬ್ರಿಟನ್ನೂ (1952) ಬಾಂಬನ್ನು ಪಡೆದವು. ಜಲಜನಕ ಬಾಂಬೂ ಹುಟ್ಟಿತು.

1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಅಸ್ತ್ರದ ಬಲ 15 ಮೆಗಾಟನ್. ಅದನ್ನು ರಚಿಸಿದ ವಿಜ್ಞಾನಿಗಳೇ ನಿರೀಕ್ಷಿಸಿದ್ದುದು ಇದರ ಅರ್ಧಕ್ಕೂ ಕಡಮೆ. ವಿಕಿರಣಶೀಲವಾದ ಬಿಳಿಯ ಬೂದಿ ರೊಂಗೆಲಾಪ್ ದ್ವೀಪದ ಜನರ ಮೇಲೆ ಸುರಿಯಿತು. ಜಪಾನಿನ ಒಂದು ಮೀನುಗಾರರ ನೌಕೆಯ 23 ಮಂದಿಯ ಮೇಲೂ ಸುರಿಯಿತು. ನೌಕೆಯ ರೇಡಿಯೋ ನಿರ್ವಾಹಕ ಕುಬೊಯಾಮ ಅದೇ ಸೆಪ್ಟೆಂಬರಿನಲ್ಲಿ ಮರಣಹೊಂದಿದರು. ಈ ವಾರ್ತೆಯ ಹಿನ್ನೆಲೆಯಲ್ಲಿ, ಏಪ್ರಿಲ್ 2ರಂದು, ಜವಾಹರಲಾಲ್ ನೆಹರೂ ಅವರು ಲೋಕಸಭೆಯಲ್ಲಿ ಮಾಡಿದ ಸೂಚನೆಗೆ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ಅಸ್ತ್ರಗಳ ತಯಾರಿಕೆಯನ್ನೂ ಸಂಗ್ರಹವನ್ನೂ ನಿಲ್ಲಿಸುವ ಮಹಾ ಒಪ್ಪಂದಕ್ಕೆ ಕಾಯುತ್ತ ಕೂಡುವುದಕ್ಕಿಂತ, ಅದು ಆಗುವವರೆಗೆ ಸ್ಫೋಟಗಳನ್ನಾದರೂ ಇದ್ದಲ್ಲಿಗೆ ನಿಲ್ಲಿಸಲಿ ಎಂಬುದು ಅದರ ಸಾರ. ನಿಶ್ಶಸ್ತ್ರೀಕರಣವೆಂಬ ದೊಡ್ಡ ಗಂಟಿನಿಂದ ಪರೀಕ್ಷೆಯೆಂಬ ಒಂದು ಎಳೆಯನ್ನು ಹೊರಕ್ಕೆ ಎಳೆದು ತೋರಿಸಿದುದು ಆ ಸೂಚನೆಯ ವೈಶಿಷ್ಟ್ಯ. ಕಾರ್ಖಾನೆಗಳನ್ನು ಮರೆಮಾಡಬಹುದು, ಆಕಾಶದಲ್ಲಿ ಸಿಡಿದ ಬಾಂಬನ್ನು ಮರೆಮಾಡುವುದು ದುಸ್ಸಾಧ್ಯ. ಎಂದಮೇಲೆ ತನಿಖೆಯ ತೊಡಕು ಇಲ್ಲಿ ಅತ್ಯಲ್ಪ. ಮಹಾರಾಷ್ಟ್ರಗಳು ಆಗ ಇದಕ್ಕೆ ಗಮನ ಕೊಡಲಿಲ್ಲ. ಭಾರತ ಸರಕಾರ 1956ರಲ್ಲಿ ಅಣುಸ್ಫೋಟಗಳ ಪರಿಣಾಮಗಳ ಮೇಲೆ ನೆಹರೂ ಅವರ ಮುನ್ನುಡಿಯೊಡನೆ ಒಂದು ಗ್ರಂಥವನ್ನೇ ಪ್ರಕಟಿಸಿತು; ಡಿ. ಎಸ್. ಕೊಠಾರಿಯವರು ಅದರ ಹಿಂದಿದ್ದ ಮುಖ್ಯ ವಿಜ್ಞಾನಿ. ಅಣುಶಕ್ತಿಯ ವಿಷಯದಲ್ಲಿ ಒಂದು ಸರಕಾರ ಸಾಮಾನ್ಯ ಓದುಗರಿಗೆ ಇಷ್ಟು ಬಿಚ್ಚುಮನಸ್ಸಿನಿಂದ ಬರೆಯಿಸಿದ್ದು ಅಂದಿಗೆ ಅಪರೂಪವೇ ಸರಿ.

ಸಮಸ್ಯೆ ಸ್ವರೂಪವನ್ನು ಬದಲಾಯಿಸಿದ್ದು 1957ರ ಸೆಪ್ಟೆಂಬರ್ 19ರಂದು. ಆ ದಿನ ಅಮೆರಿಕ ನೆವಾಡ ಮರುಭೂಮಿಯಲ್ಲಿ ಬೆಟ್ಟದೊಳಕ್ಕೆ ಸುರಂಗ ತೋಡಿ 1.7 ಕಿಲೋಟನ್ನಿನ ಒಂದು ಸಾಧನವನ್ನು ಸಿಡಿಸಿತು. ರೇನಿಯರ್ ಎಂಬುದು ಅದರ ಹೆಸರು. ಧೂಳು ಹೊರಬೀಳಲಿಲ್ಲ, ನೆಲ ಮಾತ್ರ ನಡುಗಿತು. ಮುಂದಿನ ವರ್ಷ ಅಮೆರಿಕದ ಅಣುಶಕ್ತಿ ಆಯೋಗ ತನ್ನ ಹೇಳಿಕೆಯಲ್ಲಿ, ಈ ಕಂಪನ 250 ಮೈಲಿಗಳಿಂದ ಆಚೆ ಎಲ್ಲಿಯೂ ದಾಖಲಾಗಲಿಲ್ಲ ಎಂದಿತು. ಹಾಗಿದ್ದರೆ ದೂರದಿಂದ ಪತ್ತೆಹಚ್ಚುವ ಮಾತೇ ಬರುವುದಿಲ್ಲ. ನಿಷೇಧವನ್ನು ವಿರೋಧಿಸುವವರಿಗೆ ಇದಕ್ಕಿಂತ ಬಲವಾದ ಆಧಾರ ಬೇಕಾಗಿರಲಿಲ್ಲ. ಆದರೆ ಐ. ಎಫ್. ಸ್ಟೋನ್ ಎಂಬ ಪತ್ರಕರ್ತರು ತಮ್ಮ ಸಣ್ಣ ವಾರಪತ್ರಿಕೆಗಾಗಿ ಭೂಕಂಪಶಾಸ್ತ್ರಜ್ಞರನ್ನು ವಿಚಾರಿಸಿ ನೋಡಿದಾಗ, ಅದೇ ಕಂಪನ 2,300 ಮೈಲಿ ದೂರದ ಅಲಾಸ್ಕದಲ್ಲಿ ದಾಖಲಾಗಿದ್ದ ಸಂಗತಿ ಹೊರಬಿದ್ದಿತು. ಆಯೋಗ ತನ್ನ ಹೇಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು. ಕಣ್ತಪ್ಪೋ ಬೇಕೆಂದು ಮಾಡಿದ್ದೋ ಎಂಬ ವಾದಕ್ಕೆ ಇಲ್ಲಿ ಇಳಿಯಬೇಕಾಗಿಲ್ಲ. ಅಂಕಿಗಳು ರಾಜಕೀಯದ ಆಯುಧಗಳಾಗತೊಡಗಿದ್ದವು ಎಂಬುದನ್ನು ಗಮನಿಸಿದರೆ ಸಾಕು.

ಆದರೂ 1958 ಆಶಾದಾಯಕವಾದ ವರ್ಷ. ಜನವರಿಯಲ್ಲಿ ಲೈನಸ್ ಪೌಲಿಂಗ್ ಅವರು 9,000ಕ್ಕೂ ಮಿಕ್ಕ ವಿಜ್ಞಾನಿಗಳ ಮನವಿಯನ್ನು ವಿಶ್ವಸಂಸ್ಥೆಗೆ ಒಪ್ಪಿಸಿದರು. ಹುಲ್ಲಿನಿಂದ ಹಸುವಿಗೂ ಹಾಲಿನಿಂದ ಮಕ್ಕಳ ಎಲುಬಿಗೂ ಸೇರುವ ಸ್ಟ್ರಾಂಷಿಯಂ-90ರ ಮಾತು ಮನೆಮನೆಗೂ ಮುಟ್ಟಿತ್ತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಉಭಯ ಪಕ್ಷಗಳ ತಜ್ಞರು ಜಿನೀವದಲ್ಲಿ ಸೇರಿ ಏಕಾಭಿಪ್ರಾಯದ ಒಂದು ವರದಿಯನ್ನು ಕೊಟ್ಟರು: ಭೂಮಿಯ ಮೇಲೆ 160ರಿಂದ 170 ಕಾವಲು ಠಾಣೆಗಳು, ಸಮುದ್ರದಲ್ಲಿ ಸುಮಾರು ಹತ್ತು ಹಡಗುಗಳು ಇದ್ದರೆ 5 ಕಿಲೋಟನ್ನಿನವರೆಗಿನ ಸ್ಫೋಟಗಳನ್ನು ಗುರುತಿಸಬಹುದು; ಸಂದೇಹ ಉಳಿಯುವ ಕೆಲವನ್ನು ಸ್ಥಳಕ್ಕೆ ಹೋಗಿ ನೋಡಬೇಕಾಗುತ್ತದೆ. ಅಕ್ಟೋಬರ್ 31ರಂದು ಜಿನೀವದಲ್ಲಿಯೇ ಸಂಧಾನ ಪ್ರಾರಂಭವಾಯಿತು. ನವೆಂಬರಿನ ಮೊದಲ ದಿನಗಳಿಂದ ಮೂರು ರಾಷ್ಟ್ರಗಳೂ ಪರೀಕ್ಷೆಗಳನ್ನು ನಿಲ್ಲಿಸಿದವು. ಯಾವ ಕರಾರಿಗೂ ಸಹಿ ಬೀಳದೆಯೇ ಈ ಮೌನ ಸುಮಾರು ಮೂರು ವರ್ಷ ಉಳಿಯಿತು.

ಈ ಮೂರು ವರ್ಷಗಳು ವ್ಯರ್ಥವಾದ ಬಗೆ ವಿಚಾರಾರ್ಹವಾಗಿದೆ. ಸಂಧಾನ ಆರಂಭವಾದ ಎರಡೇ ತಿಂಗಳಲ್ಲಿ ಅಮೆರಿಕ ಹೊಸ ದತ್ತಾಂಶಗಳನ್ನು ಮುಂದಿಟ್ಟು, ಗುರುತಿಸುವ ಕೆಲಸ ತಜ್ಞರು ಭಾವಿಸಿದುದಕ್ಕಿಂತ ಕಠಿನವಾದುದೆಂದಿತು. ಅದರ ಬೆನ್ನಿಗೇ, ನೆಲದೊಳಗೆ ಭಾರಿ ಗುಹೆಯನ್ನು ಕೊರೆದು ಅದರ ನಡುವೆ ಬಾಂಬನ್ನು ಸಿಡಿಸಿದರೆ ಕಂಪನ ನೂರಾರು ಪಟ್ಟು ಕುಗ್ಗುವುದೆಂಬ ಸಿದ್ಧಾಂತವೊಂದು ಹೊರಟಿತು. ಅಂಥ ಗುಹೆಯನ್ನು ಯಾರ ಕಣ್ಣಿಗೂ ಬೀಳದಂತೆ ತೋಡಿ ಮಣ್ಣನ್ನು ಎಲ್ಲಿ ಸುರಿಯುವುದೆಂಬುದು ಬೇರೆ ಮಾತು! ಸೋವಿಯತ್ ಪಕ್ಷಕ್ಕೆ ಇವೆಲ್ಲ ಒಪ್ಪಿದ ಮಾತಿನಿಂದ ಜಾರುವ ಉಪಾಯಗಳಾಗಿ ಕಂಡವು. ಮತ್ತೊಂದು ಕಡೆ, ತನ್ನ ನೆಲದ ಮೇಲೆ ಪರರ ಕಣ್ಣು ಬೀಳುವುದು ಗೂಢಚರ್ಯೆಯೇ ಎಂಬ ಸಂದೇಹವನ್ನು ಆ ಪಕ್ಷ ಒಂದು ದಿನವೂ ಬಿಡಲಿಲ್ಲ. 1960ರ ವಸಂತದಲ್ಲಿ, ಭೂಕಂಪಮಾನದ 4.75ರ ಮೇಲ್ಪಟ್ಟ ಸ್ಫೋಟಗಳನ್ನು ನಿಷೇಧಿಸುವ, ಕೆಳಗಿನವುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಒಂದು ಸೂತ್ರದ ಹತ್ತಿರಕ್ಕೆ ಇಬ್ಬರೂ ಬಂದಿದ್ದರು. ಮೇ 1ರಂದು ಅಮೆರಿಕದ ಯು-2 ಬೇಹುವಿಮಾನ ರಷ್ಯದ ಒಳನಾಡಿನಲ್ಲಿ ಉರುಳಿಬಿದ್ದಿತು. ಪ್ಯಾರಿಸಿನ ಶೃಂಗಸಭೆ ಮುರಿಯಿತು. ತನಿಖೆಗೂ ಗೂಢಚರ್ಯೆಗೂ ಭೇದವಿಲ್ಲವೆಂದು ವಾದಿಸುತ್ತಿದ್ದವರಿಗೆ ಅಂದು ಆಕಾಶದಿಂದಲೇ ಪ್ರಮಾಣ ಒದಗಿತು. 1961ರ ಸೆಪ್ಟೆಂಬರ್ 1ರಂದು ರಷ್ಯ ಪರೀಕ್ಷೆಗಳನ್ನು ಪುನರಾರಂಭಿಸಿ, ಅಕ್ಟೋಬರ್ 30ರಂದು ಸುಮಾರು 50 ಮೆಗಾಟನ್ನಿನ ಬಾಂಬನ್ನು ಸಿಡಿಸಿತು. ಅಮೆರಿಕವೂ ಎರಡು ವಾರಗಳಲ್ಲಿಯೇ ಹಿಂಬಾಲಿಸಿತು.

1962ರ ಮಾರ್ಚಿಯಲ್ಲಿ ಹದಿನೆಂಟು ರಾಷ್ಟ್ರಗಳ ನಿಶ್ಶಸ್ತ್ರೀಕರಣ ಸಮಿತಿ ಜಿನೀವದಲ್ಲಿ ಸೇರಿದಾಗ ಮೊದಲ ಬಾರಿಗೆ ಎರಡು ಬಣಗಳಿಗೂ ಸೇರದ ಎಂಟು ರಾಷ್ಟ್ರಗಳಿಗೆ ಆ ಮೇಜಿನ ಬಳಿ ಪೀಠ ದೊರೆಯಿತು: ಭಾರತ, ಬರ್ಮ, ಸ್ವೀಡನ್, ಮೆಕ್ಸಿಕೊ, ಬ್ರೆಜಿಲ್, ನೈಜೀರಿಯ, ಇಥಿಯೋಪಿಯ, ಸಂಯುಕ್ತ ಅರಬ್ ಗಣರಾಜ್ಯ. ಏಪ್ರಿಲ್ 16ರಂದು ಇವು ಒಟ್ಟಾಗಿ ಒಂದು ನಿವೇದನಪತ್ರವನ್ನು ಮಂಡಿಸಿದವು. ಆಗಲೇ ಇರುವ ರಾಷ್ಟ್ರೀಯ ಭೂಕಂಪ ಠಾಣೆಗಳ ಜಾಲವನ್ನೇ ಉಪಯೋಗಿಸೋಣ. ವಿಜ್ಞಾನಿಗಳ ಒಂದು ಅಂತಾರಾಷ್ಟ್ರೀಯ ಆಯೋಗ ಅಲ್ಲಿಂದ ಬರುವ ದಾಖಲೆಗಳನ್ನು ಪರೀಕ್ಷಿಸಲಿ. ಸಂದೇಹ ಬಂದೆಡೆ ಆಯಾ ರಾಷ್ಟ್ರವೇ ಆಯೋಗವನ್ನು ಸ್ಥಳಕ್ಕೆ ಬರಮಾಡಿಕೊಳ್ಳಬಹುದು. ಈ ಆಮಂತ್ರಣ ಕಡ್ಡಾಯವೋ ಐಚ್ಛಿಕವೋ ಎಂಬುದನ್ನು ಪತ್ರ ಸ್ಪಷ್ಟಪಡಿಸಲಿಲ್ಲ. ಹೀಗಾಗಿ ಪಾಶ್ಚಾತ್ಯರು ತಮಗೆ ಬೇಕಾದಂತೆಯೂ ರಷ್ಯನ್ನರು ತಮಗೆ ಬೇಕಾದಂತೆಯೂ ಅದನ್ನು ಅರ್ಥಮಾಡಿಕೊಂಡರು. ಇದನ್ನು ಪತ್ರದ ದೋಷವೆಂದು ಎಣಿಸುವ ವಿದ್ವಾಂಸರುಂಟು. ನಮ್ಮ ಅಭಿಪ್ರಾಯದಲ್ಲಿ ಆ ಅಸ್ಪಷ್ಟತೆ ಬುದ್ಧಿಪೂರ್ವಕವಾದುದು, ರಾಜತಂತ್ರದ ದೃಷ್ಟಿಯಿಂದ ಸಮುಚಿತವಾದುದು. ಆಮಂತ್ರಣ ಕೊಡದ ರಾಷ್ಟ್ರ ಆ ನಿರಾಕರಣೆಯಿಂದಲೇ ತನ್ನ ಮೇಲಿನ ಸಂದೇಹವನ್ನು ಬಲಪಡಿಸಿಕೊಳ್ಳುತ್ತಿತ್ತು. ಆಗ ಇತರರು ಕರಾರಿನಿಂದ ಬಿಡುಗಡೆ ಹೊಂದಬಹುದಾಗಿತ್ತು.

ಅಕ್ಟೋಬರಿನ ಕ್ಯೂಬ ಬಿಕ್ಕಟ್ಟು ಇಬ್ಬರು ನಾಯಕರನ್ನೂ ಬೆಚ್ಚಿಸಿತು. ಡಿಸೆಂಬರ್ 19ರಂದು ಕ್ರುಶ್ಚೇವರು ಕೆನಡಿಯವರಿಗೆ ಬರೆದ ಪತ್ರದಲ್ಲಿ ವರ್ಷಕ್ಕೆ ಎರಡು ಮೂರು ಸ್ಥಳತನಿಖೆಗಳಿಗೆ ಒಪ್ಪಿಗೆ ಸೂಚಿಸಿದರು. ಅಮೆರಿಕದ ಪ್ರತಿನಿಧಿ ಆರ್ಥರ್ ಡೀನ್ ಅವರು ಎರಡರಿಂದ ನಾಲ್ಕು ಸಾಕೆಂದು ತಮ್ಮವರೊಡನೆ ಹೇಳಿದ್ದರೆಂಬುದು ಅವರ ನಂಬಿಕೆ. ಡೀನ್ ಅವರು ತಾವು ಹೇಳಿದ್ದು ಎಂಟರಿಂದ ಹತ್ತು ಎಂದರು. ಮುಂದೆ ಅಮೆರಿಕ ಏಳಕ್ಕೆ ಇಳಿಯಿತು. ರಷ್ಯ ಮೂರರಿಂದ ಏರಲಿಲ್ಲ. 1963ರ ಏಪ್ರಿಲ್‌ನಲ್ಲಿ ತಮ್ಮನ್ನು ಕಂಡ ಅಮೆರಿಕದ ಸಂಪಾದಕ ನಾರ್ಮನ್ ಕಸಿನ್ಸ್ ಅವರೊಡನೆ, ಮಂತ್ರಿಮಂಡಲವನ್ನು ಕಷ್ಟಪಟ್ಟು ಮೂರಕ್ಕೆ ಒಪ್ಪಿಸಿ ತಾವು ನಗೆಪಾಟಲಾದೆವೆಂದು ಕ್ರುಶ್ಚೇವರು ಹೇಳಿಕೊಂಡರು.

ಏಳು ತನಿಖೆಗಳಿಂದ ಸಿಕ್ಕಿಬೀಳುವ ಕಳ್ಳ ಮೂರರಿಂದ ಪಾರಾಗುವನೆಂದು ಯಾವ ಭೂಕಂಪಶಾಸ್ತ್ರವೂ ಹೇಳದು. ಮೂರು, ಏಳು ಎಂಬ ಅಂಕಿಗಳ ಹಿಂದೆ ಇದ್ದುದು ಬೇರೆ ಲೆಕ್ಕ. ಕೌಲಿಗೆ ಸೆನೆಟ್ಟಿನ ಮೂರರಲ್ಲಿ ಎರಡು ಪಾಲು ಮತ ದೊರೆಯಬೇಕಾದರೆ ಕೆನಡಿಯವರಿಗೆ ಒಂದು ಗೌರವದ ಅಂಕಿ ಅವಶ್ಯಕವಾಗಿತ್ತು. ಕ್ರುಶ್ಚೇವರಿಗೆ ತಮ್ಮ ಸೇನಾನಿಗಳ ಮುಂದೆಯೂ, ತಮ್ಮನ್ನು ಸಂಧಿಪ್ರಿಯರೆಂದು ಹಳಿಯುತ್ತಿದ್ದ ಚೀನದ ಮುಂದೆಯೂ ಮುಖವುಳಿಯಬೇಕಾಗಿತ್ತು. ಅಸ್ತ್ರಗಳ ಸುಧಾರಣೆ ನಿಲ್ಲಬಾರದೆಂಬ ಪ್ರಯೋಗಶಾಲೆಗಳ ಆಸೆಯೂ ಉಭಯತ್ರ ಇತ್ತು. ತಾಂತ್ರಿಕ ಪ್ರಶ್ನೆಯ ಮರೆಯಲ್ಲಿ ರಾಜಕೀಯದ ಅನಿಚ್ಛೆ ಆಶ್ರಯ ಪಡೆದಿತ್ತೆಂದು ನಾವು ತಿಳಿಯುವುದು ಇದಕ್ಕಾಗಿಯೇ.

ಮುಂದಿನದು ತ್ವರಿತವಾಗಿ ನಡೆಯಿತು. ಜೂನ್ 10ರಂದು ವಾಷಿಂಗ್‌ಟನ್ನಿನ ಅಮೆರಿಕನ್ ವಿಶ್ವವಿದ್ಯಾನಿಲಯದಲ್ಲಿ ಕೆನಡಿಯವರ ಪ್ರಸಿದ್ಧ ಭಾಷಣ. ಜುಲೈ 2ರಂದು ಭೂಗರ್ಭವನ್ನು ಬಿಟ್ಟ ನಿಷೇಧಕ್ಕೆ ಕ್ರುಶ್ಚೇವರ ಸಮ್ಮತಿ. ಜುಲೈ 15ರಿಂದ ಮಾಸ್ಕೋದಲ್ಲಿ ಮಾತುಕತೆ. ಹತ್ತು ದಿನಗಳಲ್ಲಿ ಕರಡು ಸಿದ್ಧವಾಯಿತು. ತನಿಖೆಯ ಪ್ರಶ್ನೆಯನ್ನು ಬಿಡಿಸಲಿಲ್ಲ, ಬದಿಗಿಟ್ಟರು. ಆಗಸ್ಟ್ 8ರಂದು ಇತರ ರಾಷ್ಟ್ರಗಳಿಗೆ ಕೌಲು ತೆರೆದ ದಿನವೇ ಭಾರತ ಸಹಿ ಹಾಕಿತು. ಫ್ರಾನ್ಸ್ ಮತ್ತು ಚೀನ ದೂರ ನಿಂತವು. ಸೆಪ್ಟೆಂಬರ್ 24ರಂದು ಸೆನೆಟ್ 80ಕ್ಕೆ 19 ಮತಗಳಿಂದ ಒಪ್ಪಿತು. ಆ ಒಪ್ಪಿಗೆಗೆ ತೆತ್ತ ಬೆಲೆ ಸಾಮಾನ್ಯವಾದುದಲ್ಲ: ಭೂಗರ್ಭದ ಪರೀಕ್ಷೆಗಳನ್ನು ಬಿರುಸಾಗಿ ಮುಂದುವರಿಸುವ ವಾಗ್ದಾನವನ್ನು ಸೇನಾಧಿಪತಿಗಳು ಅಧ್ಯಕ್ಷರಿಂದ ಪಡೆದುಕೊಂಡರು. ಅಕ್ಟೋಬರ್ 10ರಂದು ಕೌಲು ಜಾರಿಗೆ ಬಂದಿತು.

ಇದರ ಫಲವನ್ನು ತೂಗುವಾಗ ಎರಡು ಸಂಗತಿಗಳನ್ನೂ ಕಾಣಬೇಕು. ಗಾಳಿಯಲ್ಲಿನ ವಿಷ ಇಳಿಮುಖವಾಯಿತು; ಮಕ್ಕಳ ಹಲ್ಲುಗಳಲ್ಲಿ ಸೇರುತ್ತಿದ್ದ ಸ್ಟ್ರಾಂಷಿಯಂ ಕಡಮೆಯಾಯಿತು. ಇದು ಅಲ್ಪಲಾಭವಲ್ಲ. ಆದರೆ ಅಸ್ತ್ರಸ್ಪರ್ಧೆ ಕಣ್ಮರೆಯಾಗಿ ನೆಲದೊಳಕ್ಕೆ ಇಳಿಯಿತೇ ವಿನಾ ನಿಲ್ಲಲಿಲ್ಲ. ಅಮೆರಿಕವೊಂದೇ 1992ರವರೆಗೆ ನಡೆಸಿದ 1,030 ಪರೀಕ್ಷೆಗಳಲ್ಲಿ ಹೆಚ್ಚಿನ ಪಾಲು ಈ ಕೌಲಿನ ಅನಂತರದವು. ಆಕಾಶದ ಬೂದಿ ಕಾಣದಾದಮೇಲೆ ಜನರ ಒತ್ತಾಯವೂ ತಣ್ಣಗಾಯಿತು. 1968ರ ಪ್ರಸರಣನಿರೋಧದ ಕೌಲನ್ನು ಭಾರತ ನಿರಾಕರಿಸಿದ್ದರಲ್ಲಿ, ಬಾಂಬಿಲ್ಲದವರನ್ನು ಕಟ್ಟಿಹಾಕಿ ಬಾಂಬುಳ್ಳವರನ್ನು ಸಡಿಲಬಿಟ್ಟ ಈ ಅನುಭವದ ಪಾತ್ರವೂ ಇತ್ತು. 1974ರ ಮೇ 18ರಂದು ಪೋಖರಣಿನಲ್ಲಿ ನಡೆದ ಭಾರತದ ಸ್ಫೋಟವೂ ಭೂಗರ್ಭದ್ದೇ. 1963ರ ಕೌಲಿನ ಅಕ್ಷರಕ್ಕೆ ಅದರಿಂದ ಭಂಗ ಬರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನೆಹರೂ ಅವರು ಮಾಡಿದ ಸೂಚನೆಯೊಡನೆ ಅದು ಹೊಂದುವುದೋ ಎಂಬುದು ಬೇರೆಯೇ ಪ್ರಶ್ನೆ.

ಕನ್ನಡನಾಡಿಗೂ ಈ ಚರಿತ್ರೆಗೂ ಒಂದು ನೇರ ಸಂಬಂಧವುಂಟು. 1965ರಲ್ಲಿ ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರಿನ ಬಳಿ, ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದೊಡನೆ ಟ್ರಾಂಬೆಯ ಅಣುಶಕ್ತಿ ಸಂಸ್ಥೆ ಒಂದು ಭೂಕಂಪ ಠಾಣೆಯನ್ನು ಸ್ಥಾಪಿಸಿತು. ಪ್ರಾಚೀನವಾದ ಗಟ್ಟಿ ಶಿಲೆಯ ಮೇಲೆ, ಮಡಿಸಿದ ಮೊಳಕೈಯಂತೆ ಚಾಚಿದ ಎರಡು ಸಾಲುಗಳಲ್ಲಿ, 20 ಭೂಕಂಪಮಾಪಕಗಳನ್ನು ಅಲ್ಲಿ ಹೂಳಲಾಯಿತು. ಸ್ಕಾಟ್‌ಲೆಂಡ್, ಕೆನಡ, ಆಸ್ಟ್ರೇಲಿಯಗಳಲ್ಲಿಯೂ ಇದೇ ಮಾದರಿಯ ಠಾಣೆಗಳು ಎದ್ದವು. ಅನೇಕ ಮಾಪಕಗಳ ದಾಖಲೆಗಳನ್ನು ಕೂಡಿಸಿ ನೋಡಿದರೆ ನೆಲದ ಗದ್ದಲ ಅಡಗಿ ದೂರದ ಕ್ಷೀಣ ಕಂಪನವೂ ಸ್ಪಷ್ಟವಾಗುವುದೆಂಬುದು ಇವುಗಳ ತತ್ತ್ವ. ಯಾವುದನ್ನು ಅಸಾಧ್ಯವೆಂದು 1963ರಲ್ಲಿ ಬದಿಗಿಟ್ಟರೋ ಅದನ್ನು ಸಾಧಿಸುವ ಕೆಲಸ ಎರಡೇ ವರ್ಷಗಳಲ್ಲಿ ಬಯಲುಸೀಮೆಯ ಹೊಲಗಳ ನಡುವೆ ಮೊದಲಾಗಿತ್ತು.

1996ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಸಮಗ್ರ ಪರೀಕ್ಷಾನಿಷೇಧದ ಕೌಲು 321 ಠಾಣೆಗಳ ಜಾಲವನ್ನು ವಿಧಿಸಿದೆ. ಎಂಟು ರಾಷ್ಟ್ರಗಳ ನಿವೇದನಪತ್ರದ ಛಾಯೆ ಅದರಲ್ಲಿ ಅಲ್ಲಲ್ಲಿ ಕಾಣದಿರದು. ಆ ಠಾಣೆಗಳಲ್ಲಿ ಬಹುಪಾಲು ಈಗ ಕೆಲಸಮಾಡುತ್ತಿವೆ. ಉತ್ತರ ಕೊರಿಯ 2006ರಿಂದ 2017ರವರೆಗೆ ನಡೆಸಿದ ಆರು ಪರೀಕ್ಷೆಗಳನ್ನೂ ಅವು ಗ್ರಹಿಸಿದವು. ಸ್ಥಳತನಿಖೆಯ ವಿಧಿಯೂ ಆ ಕೌಲಿನಲ್ಲಿದೆ. ಆದರೆ ಅದು ಜಾರಿಗೆ ಬರಲು ಹೆಸರಿಸಿರುವ 44 ರಾಷ್ಟ್ರಗಳ ಸ್ಥಿರೀಕರಣ ಬೇಕು. ಅಮೆರಿಕ ಮತ್ತು ಚೀನ ಸಹಿ ಹಾಕಿ ನಿಂತಿವೆ. ಭಾರತ, ಪಾಕಿಸ್ತಾನ, ಉತ್ತರ ಕೊರಿಯ ಸಹಿಯನ್ನೇ ಹಾಕಿಲ್ಲ. ಸ್ಥಿರೀಕರಿಸಿದ್ದ ರಷ್ಯ 2023ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಕೌಲು ಜಾರಿಗೆ ಬರುವವರೆಗೆ ಮೂರೂ ಇಲ್ಲ, ಏಳೂ ಇಲ್ಲ. ಒಂದೇ ಒಂದು ಸ್ಥಳತನಿಖೆಯನ್ನು ಕೇಳುವ ಹಕ್ಕೂ ಯಾರಿಗೂ ಇಲ್ಲ.