ಬಿಸಿಲ ನಾಡಿನ ಬಿಳಿ ರಾಶಿ

ಬೀದರಿನಲ್ಲಿ ಹಿಮ ಬೀಳೋದಿಲ್ಲ. ಆದರೂ ಚಳಿಗಾಲ ಮುಗಿಯುವ ಹೊತ್ತಿಗೆ ಕೆಲವು ವರ್ಷ ಬೀದರ, ಭಾಲ್ಕಿ, ಔರಾದ ಕಡೆ ಅಂಗಳ ಬೆಳ್ಳಗಾಗುತ್ತೆ. ತಗಡಿನ ಸೂರಿನ ಕೆಳಗೆ ಸಾಲುಗುಡ್ಡೆ, ಗೋಡೆ ಮೂಲೆಯಲ್ಲಿ ರಾಶಿ. ಕೈಗೆತ್ತಿಕೊಂಡರೆ ಒಂದು ದುಂಡಗೆ, ಒಂದು ಚಪ್ಪಟೆ, ಮತ್ತೊಂದು ಮೊನೆಮೊನೆ. ಅರ್ಧ ಗಂಟೆಯಲ್ಲಿ ಎಲ್ಲ ನೀರು!

ಇದಕ್ಕೆ ನಮ್ಮ ಕಡೆ ಎಷ್ಟು ಹೆಸರು ನೋಡಿ. ಕನ್ನಡದವರಿಗೆ ಆಣೆಕಲ್ಲು ಅಥವಾ ಆಲಿಕಲ್ಲು, ಮರಾಠಿಯವರಿಗೆ ಗಾರಾ, ಉರ್ದುವಿನಲ್ಲಿ ಓಲೆ, ತೆಲುಗಿನಲ್ಲಿ ವಡಗಳ್ಳು. 'ಆಲಿ' ಹಳೆಯ ದ್ರಾವಿಡ ಮಾತು, ತಮಿಳಿನಲ್ಲೂ ಆಲಿ ಅಂದರೆ ಇದೇ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಹಳೇ ಬೀದರ ಜಿಲ್ಲೆಯೂ ಹಂಚಿಹೋಯಿತು. ಉದಗೀರ, ನಿಲಂಗಾ ಮರಾಠಿ ಕಡೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆಗೆ. ಮೋಡಕ್ಕೆ ಮಾತ್ರ ಈ ಗಡಿ ತಿಳಿಯದು. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮರಾಠವಾಡಾವನ್ನು ಬಡಿದ ಆಲಿಕಲ್ಲು ಮಳೆ ನಮ್ಮ ಉತ್ತರ ಕರ್ನಾಟಕವನ್ನೂ ಬಿಡಲಿಲ್ಲ. 2023ರ ಮಾರ್ಚಿನಲ್ಲಿ ಬೀದರ ಮತ್ತೆ ಬಿಳಿಯಾಯಿತು.

ಬಿಸಿಲೂರಿಗೆ ಐಸ್ ಎಲ್ಲಿಂದ? ಈ ಪ್ರಶ್ನೆ ಹಳೆಯದು. ಆರನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಮೋಡ ಗರ್ಭ ಧರಿಸುತ್ತೆ ಅಂತಾನೆ. ಹೊತ್ತಿಗೆ ಸರಿಯಾಗಿ ಸುರಿಯದ ನೀರು, ಬಹಳ ದಿನ ಕರೆಯದೆ ಬಿಟ್ಟ ಹಸುವಿನ ಹಾಲಿನ ಹಾಗೆ, ಗಟ್ಟಿಯಾಗುತ್ತೆ ಅನ್ನೋದು ಅವನ ವಿವರಣೆ.

ನಗಬೇಡಿ, 'ತಡೆಹಿಡಿದ ನೀರು' ಅನ್ನೋ ಮಾತು ಪೂರ್ತಿ ಸುಳ್ಳಲ್ಲ. ಫೆಬ್ರವರಿ-ಮಾರ್ಚಿನಲ್ಲಿ ನೆಲ ಕಾಯುತ್ತೆ, ಸಮುದ್ರದಿಂದ ತೇವ ಬರುತ್ತೆ, ಮೇಲೆ ಪಶ್ಚಿಮದಿಂದ ತಣ್ಣನೆ ಒಣಗಾಳಿ ಬೀಸುತ್ತೆ. ಆಗ ಬಿಸಿಗಾಳಿ ರಭಸದಿಂದ ಮೇಲೇರಿ ಹನಿಗಳನ್ನು ಕೆಳಗೆ ಬೀಳಗೊಡುವುದಿಲ್ಲ. ನಾಲ್ಕೈದು ಕಿ.ಮೀ. ಎತ್ತರ ದಾಟಿದರೆ ನೀರು ಹೆಪ್ಪುಗಟ್ಟುವ ಚಳಿ. ಅಲ್ಲಿ ಪದರದ ಮೇಲೆ ಪದರ ಕೂತು, ಗಾಳಿ ಹೊರಲಾರದಷ್ಟು ಭಾರವಾದಾಗ ಕಲ್ಲು ಬೀಳುತ್ತೆ. ಕತ್ತರಿಸಿದರೆ ಈರುಳ್ಳಿಯಂತೆ ಸುತ್ತು ಕಾಣಬಹುದು. ಬೇಗ ಹೆಪ್ಪುಗಟ್ಟಿದ ಸುತ್ತು ಗಾಳಿಗುಳ್ಳೆಯಿಂದ ಬೆಳ್ಳಗೆ, ನಿಧಾನವಾಗಿ ಆದದ್ದು ಗಾಜಿನಂತೆ.

ಮಕ್ಕಳಿಗೆ ಇದು ಹಬ್ಬ, ಬಾಯಿಗೆ ಹಾಕಿಕೊಂಡು ಓಡುತ್ತವೆ. ಹೊಲದವರ ಎದೆ ಮಾತ್ರ ಧಸಕ್ ಅನ್ನುತ್ತೆ. ಜೋಳ ತೆನೆಯಲ್ಲಿರುತ್ತೆ, ಕಡಲೆ ಕಿತ್ತು ಗುಡ್ಡೆ ಹಾಕಿರುತ್ತೆ, ಮಾವು ಮಿಡಿಗಟ್ಟಿರುತ್ತೆ. ಇನ್ನು ಜೀವದ ಮಾತು: 1888ರ ಏಪ್ರಿಲ್ 30ರಂದು ಉತ್ತರದ ಮೊರಾದಾಬಾದಿನಲ್ಲಿ ಆಲಿಕಲ್ಲು 246 ಜನರನ್ನು ಕೊಂದಿತು. ವಿಶ್ವ ಹವಾಮಾನ ಸಂಸ್ಥೆ 2017ರಲ್ಲಿ ಒಪ್ಪಿದ ದಾಖಲೆ ಇದು.

ಆಲಿಕಲ್ಲು ಬರಗಾಲದ ಹಾಗೆ ನಾಡಿಗೆಲ್ಲ ಒಟ್ಟಿಗೆ ಬರೋದಿಲ್ಲ, ಒಂದು ಪಟ್ಟಿಯಲ್ಲಿ ಬಿದ್ದು ಹೋಗುತ್ತೆ. ಇವರ ಹೊಲ ಹಾಳು, ಪಕ್ಕದ್ದು ಹಸಿರು. ಸಾಕ್ಷಿಯೂ ಸಂಜೆಯೊಳಗೆ ಕರಗಿರುತ್ತೆ. 2016ರಲ್ಲಿ ಶುರುವಾದ ಫಸಲ್ ಬಿಮಾ ಯೋಜನೆ ಇದನ್ನು ಸ್ಥಳೀಯ ವಿಕೋಪ ಅಂತ ಬೇರೆಯಾಗಿ ಎಣಿಸುತ್ತೆ, ಆದರೆ ವಿಮೆ ಮಾಡಿಸಿದ ರೈತ 72 ಗಂಟೆಯೊಳಗೆ ತಿಳಿಸಬೇಕು. ಹಾಗಾಗಿ ಮುಂದಿನ ಸಲ ಊರಿಂದ 'ನಮ್ಮಲ್ಲಿ ಕಾಶ್ಮೀರ!' ಅಂತ ಫೋಟೊ ಬಂದರೆ, ಲೈಕ್ ಒತ್ತುವ ಮೊದಲು ಫೋನ್ ಮಾಡಿ ಹೊಲದ ಕಡೆ ಹೋಗಿ ನೋಡಿದಿರಾ ಅಂತ ಕೇಳಿ.

ಅಂದ ಹಾಗೆ, ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?