ಉಪ್ಪಿನ ಯೋಗ್ಯತೆಯೂ ಉಪ್ಪಿನ ಋಣವೂ: ಹೊಸಕೋಟೆಯ ಒಂದು ಪ್ರಸಂಗ

ದಕ್ಷನಾದ ಆಳನ್ನು ಆಂಗ್ಲರು ‘ತಿಂದ ಉಪ್ಪಿಗೆ ತಕ್ಕವನು’ ಎಂಬರ್ಥದ ನುಡಿಯಿಂದ ಹೊಗಳುವುದುಂಟು. ರೋಮನ್ ಸೈನಿಕರು ಉಪ್ಪನ್ನೇ ವೇತನವಾಗಿ ಪಡೆಯುತ್ತಿದ್ದರೆಂಬ ಕಥೆಯನ್ನು ಕೆಲವರು ಇದಕ್ಕೆ ಮೂಲವೆನ್ನುತ್ತಾರೆ. ವೇತನವಾಚಿಯಾದ ಲ್ಯಾಟಿನ್ನಿನ ‘ಸಲಾರಿಯಂ’ ಶಬ್ದಕ್ಕೆ ಉಪ್ಪಿನ ಸಂಬಂಧವಿರುವುದು ನಿಜವಾದರೂ ಅಂತಹ ಪದ್ಧತಿಗೆ ಪ್ರಾಚೀನ ಆಧಾರ ದೊರೆಯುವುದಿಲ್ಲ.

ಕನ್ನಡಿಗರಲ್ಲಿಯೂ ಉಪ್ಪು ಶೀಲದ ಒರೆಗಲ್ಲೇ ಆಗಿದೆ. ಆದರೆ ಅರ್ಥ ಬೇರೆ. ಆಂಗ್ಲರ ನುಡಿ ಸಾಮರ್ಥ್ಯವನ್ನು ಅಳೆದರೆ, ‘ಉಪ್ಪುಂಡ ಮನೆಗೆ ಎರಡು ಬಗೆಯಬೇಡ’ ಎಂಬ ನಮ್ಮ ಗಾದೆ ನಿಷ್ಠೆಯನ್ನು ಅಳೆಯುತ್ತದೆ. ಹಳಗನ್ನಡದ ‘ಜೋಳವಾಳಿ’ಯೂ ಉಂಡ ಅನ್ನದ ಋಣವೇ. ಪಂಪನ ಕರ್ಣನು ತನ್ನ ಜನ್ಮವೃತ್ತಾಂತವನ್ನು ತಿಳಿದ ಮೇಲೂ ದುರ್ಯೋಧನನನ್ನು ಬಿಡದಿರುವುದು ಈ ಋಣಪ್ರಜ್ಞೆಯಿಂದಲೇ.

ಋಣ ಇಬ್ಬರಿಗೆ ಸಲ್ಲಬೇಕಾದಾಗ ಏನು ಗತಿ? 1760-61ರ ಮೈಸೂರಿನ ಇತಿಹಾಸ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಹೈದರನ ಆಶ್ರಯದಲ್ಲಿ ಮೇಲೆ ಬಂದ ಖಂಡೇರಾಯನು 1760ರಲ್ಲಿ ಅರಮನೆಯ ಪಕ್ಷವನ್ನು ಹಿಡಿದು ಹೈದರನನ್ನು ಶ್ರೀರಂಗಪಟ್ಟಣದಿಂದ ಓಡಿಸಿದನು. ಮರುವರ್ಷ ಗೆದ್ದು ಬಂದ ಹೈದರನು ಅವನನ್ನು ಗಿಣಿಯಂತೆ ಪಂಜರದಲ್ಲಿರಿಸಿ ಹಾಲು ಅನ್ನ ಕೊಡಿಸಿದನೆಂದು ವಿಲ್ಕ್ಸ್ ಬರೆದಿದ್ದಾನೆ.

ಅದೇ 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗನು ಹೊಸಕೋಟೆಗೆ ಮುತ್ತಿಗೆ ಹಾಕಿದ್ದನು. ಹೈದರನು ಅವನೊಡನೆ ಸಂಧಾನ ನಡೆಸಿ, ಮೂರು ಲಕ್ಷ ರೂಪಾಯಿ ತೆತ್ತು, ಶಿರಾದ ನವಾಬಗಿರಿಯನ್ನು ಪಡೆದನು. ಆಗ ಶಿರಾ ಮರಾಠರ ವಶದಲ್ಲಿದ್ದಿತು. ಕೊಡುವವನ ಕೈಯಲ್ಲಿಲ್ಲದ ಸೀಮೆಗೆ ದೊರೆತ ಸನ್ನದು ಅದು! ಮೈಸೂರಿನ ಸಿಂಹಾಸನದಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಇದ್ದೇ ಇದ್ದರು.

ಹೈದರನ ಋಣವನ್ನು ನೆನೆದರೆ ಖಂಡೇರಾಯನು ದ್ರೋಹಿ, ಅರಸನ ಋಣವನ್ನು ನೆನೆದರೆ ನಿಷ್ಠ. ಅರಸನ ಸೇವಕನಾಗಿದ್ದು ಅರಸೊತ್ತಿಗೆಯ ಅಧಿಕಾರವನ್ನೇ ವಶಪಡಿಸಿಕೊಂಡ ಹೈದರನಿಗೂ ಈ ಅಳತೆ ಅನ್ವಯಿಸಬೇಕು. ಆಂಗ್ಲರ ಅಳತೆಯಿಂದ ನೋಡಿದರೆ ಅವನ ಯೋಗ್ಯತೆಯಲ್ಲಿ ಸಂಶಯವಿಲ್ಲ. ನಮ್ಮ ಅಳತೆಯಲ್ಲಿ ತೀರ್ಪು ಅಷ್ಟು ಸುಲಭವಲ್ಲ.

ಆದುದರಿಂದ ಬಖೈರು, ಕೈಫಿಯತ್ತುಗಳಲ್ಲಿ ‘ಸ್ವಾಮಿದ್ರೋಹಿ’ ಎಂಬ ಮಾತು ಬಂದಾಗ, ಅದನ್ನು ಬರೆಸಿದವರು ಯಾರ ಪಕ್ಷದವರೆಂದು ಮೊದಲು ವಿಚಾರಿಸಬೇಕಾಗುತ್ತದೆ. ಇನ್ನೊಂದು ಮಾತನ್ನೂ ಮರೆಯಲಾಗದು. ಒಡೆಯನೂ ಸೇವಕನೂ ಉಂಡದ್ದು ರೈತನು ತೆತ್ತ ಕಂದಾಯದ ಅನ್ನ. ಹೊಸಕೋಟೆಯ ಸುತ್ತಣ ಹೊಲಗಳನ್ನು ದಂಡುಗಳು ತುಳಿದಾಗ ಆ ಋಣವನ್ನು ನೆನೆದವರು ವಿರಳವೆಂದೇ ನಾವು ಭಾವಿಸುತ್ತೇವೆ.